ಪರಸ್ಪರ ಸಮ್ಮತಿಯ ವಿವಾಹ ವಿಚ್ಛೇದನ: ಒಂದು ಚಾರಿತ್ರಿಕ ವಿವೇಚನೆ

ಗಂಡ ಹೆಂಡಿರಿಬ್ಬರೂ ಒಡಗೂಡಿ ಒಂದೇ ಅರ್ಜಿಗೆ ರುಜು ಹಾಕಿ, ಒಬ್ಬರ ಮೇಲೊಬ್ಬರು ಯಾವ ದೋಷಾರೋಪಣೆಯನ್ನೂ ಮಾಡದೆ, ತಮ್ಮ ವಿವಾಹವನ್ನು ವಿಸರ್ಜಿಸಬೇಕೆಂದು ನ್ಯಾಯಾಲಯವನ್ನು ಪ್ರಾರ್ಥಿಸುವ ಪದ್ಧತಿ ಇಂದು ನಮ್ಮ ದೇಶದಲ್ಲಿ ಸುಪರಿಚಿತವಾಗಿದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಇದಕ್ಕೆ ಆಧಾರವಾಗಿರುವ ೧೩ ಬಿ ಎಂಬ ಕಲಮು ಸೇರಿದ್ದು ೧೯೭೬ರಲ್ಲಿ. ಇಷ್ಟು ಈಚಿನದಾದುದರಿಂದ ಇದನ್ನು ಕೇವಲ ಪಾಶ್ಚಾತ್ಯರ ಅನುಕರಣೆಯೆಂದು ಭಾವಿಸುವವರುಂಟು. ಇದಕ್ಕೆ ಪ್ರತಿಯಾಗಿ, ಇದು ನಮ್ಮ ಪ್ರಾಚೀನರಿಗೆ ತಿಳಿದೇ ಇದ್ದುದು, ಇದರಲ್ಲಿ ಹೊಸತೇನೂ ಇಲ್ಲ ಎನ್ನುವವರೂ ಉಂಟು. ಈ ಎರಡು ಅಭಿಪ್ರಾಯಗಳಲ್ಲಿಯೂ ಸತ್ಯಾಂಶವಿದೆಯಾದರೂ ಯಾವುದೊಂದೂ ಪೂರ್ಣಸತ್ಯವಲ್ಲವೆಂಬುದು ನಮ್ಮ ಮತ. ಇಬ್ಬರೂ ಒಪ್ಪಿ ಅಗಲುವುದು ನಮ್ಮಲ್ಲಿ ಬಹು ಹಿಂದಿನಿಂದ ಉಂಟು. ಆದರೆ ಆ ಒಪ್ಪಿಗೆಯನ್ನು ಯಾರ ಮುಂದೆ ಹೇಳಬೇಕು, ಅದು ನಿಜವಾಗಿಯೂ ಇಬ್ಬರದೂ ಹೌದೇ ಎಂದು ವಿಚಾರಿಸುವ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತಿವೆ. ಆ ಉತ್ತರಗಳ ಚರಿತ್ರೆಯನ್ನು, ವಿಶೇಷವಾಗಿ ಕನ್ನಡ ನಾಡಿಗೆ ಸಂಬಂಧಪಟ್ಟಷ್ಟನ್ನು, ಪ್ರಸ್ತುತ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮೊದಲು ಶಾಸ್ತ್ರಗ್ರಂಥಗಳನ್ನು ನೋಡೋಣ. ದಾಂಪತ್ಯನಿಷ್ಠೆಯು ಮರಣಪರ್ಯಂತವಾದುದೆಂದೂ, ಮಾರಾಟದಿಂದಾಗಲಿ ಪರಿತ್ಯಾಗದಿಂದಾಗಲಿ ಹೆಂಡತಿಗೆ ಬಿಡುಗಡೆಯಿಲ್ಲವೆಂದೂ ಮನುವಿನ ಅಭಿಪ್ರಾಯ. ನಾರದ, ಪರಾಶರರು ಐದು ಆಪತ್ತುಗಳಲ್ಲಿ ಸ್ತ್ರೀಗೆ ಬೇರೊಬ್ಬ ಪತಿಯನ್ನು ಹೇಳುತ್ತಾರೆ. ಆದರೆ ಅಲ್ಲಿ ಉಭಯರ ಒಪ್ಪಿಗೆಯ ಮಾತಿಲ್ಲ. ಆ ಮಾತು ಸ್ಪಷ್ಟವಾಗಿ ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ. ಪತಿಗೆ ಇಷ್ಟವಿಲ್ಲದಿರುವಾಗ ಅವನನ್ನು ದ್ವೇಷಿಸುವ ಪತ್ನಿಗೆ ಮೋಕ್ಷವಿಲ್ಲ. ಪತ್ನಿಗೆ ಇಷ್ಟವಿಲ್ಲದಿರುವಾಗ ಪತಿಗೂ ಇಲ್ಲ. ದ್ವೇಷವು ಪರಸ್ಪರವಾಗಿದ್ದರೆ ಮಾತ್ರ ಬಿಡುಗಡೆಯುಂಟು ಎಂಬುದು ಅವನ ವಿಧಿಯ ತಾತ್ಪರ್ಯ. ಬ್ರಾಹ್ಮವೇ ಮೊದಲಾದ ನಾಲ್ಕು ಧರ್ಮವಿವಾಹಗಳಿಗೆ ಈ ಅವಕಾಶವಿಲ್ಲವೆಂದೂ ಅವನು ಕೂಡಲೆ ಸೇರಿಸಿದ್ದಾನೆ. ಹಣದ ವಿಷಯದಲ್ಲಿಯೂ ಅವನ ತಕ್ಕಡಿ ಸಮನಾಗಿಲ್ಲ. ಸ್ತ್ರೀಯ ಅಪಚಾರದಿಂದ ಪುರುಷನು ಮೋಕ್ಷವನ್ನು ಬಯಸಿದರೆ ಅವನು ತೆಗೆದುಕೊಂಡುದನ್ನು ಹಿಂದಿರುಗಿಸಬೇಕು; ಪುರುಷನ ಅಪಚಾರದಿಂದ ಸ್ತ್ರೀ ಅದನ್ನು ಬಯಸಿದರೆ ಅವನು ಹಿಂದಿರುಗಿಸಬೇಕಾಗಿಲ್ಲ. ಈ ಗ್ರಂಥವು ಆಧುನಿಕ ವಿದ್ವತ್ಪ್ರಪಂಚಕ್ಕೆ ಮರಳಿ ದೊರೆತುದು ಮೈಸೂರಿನಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದರ ಸಂಸ್ಕೃತ ಮೂಲವನ್ನು ೧೯೦೯ರಲ್ಲಿಯೂ ಇಂಗ್ಲಿಷ್ ಅನುವಾದವನ್ನು ೧೯೧೫ರಲ್ಲಿಯೂ ಪ್ರಕಟಿಸಿದರು. ಅದಕ್ಕೆ ಮುಂಚೆ ಹಿಂದೂ ಧರ್ಮಶಾಸ್ತ್ರದ ವಿಷಯದಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶರ ಕೈಗೆ ಈ ವಿಧಿ ಸಿಕ್ಕಿರಲಿಲ್ಲ.

ಶಾಸ್ತ್ರದ ಮಾತು ಹೀಗಿರಲು, ಜನಪದದಲ್ಲಿ ರೂಢಿಯು ತನ್ನದೇ ದಾರಿಯಲ್ಲಿ ನಡೆದಿತ್ತು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಬುಡಕಟ್ಟುಗಳನ್ನೂ ಜಾತಿಗಳನ್ನೂ ಕುರಿತು ಸಿದ್ಧಪಡಿಸಿದ ಸಂಪುಟಗಳನ್ನು ತಿರುವಿದರೆ, ಬಿಡುಗಡೆಯೂ ಮರುಮದುವೆಯೂ ಬಳಕೆಯಲ್ಲಿದ್ದ ಅನೇಕ ಸಮುದಾಯಗಳು ಕಂಡುಬರುತ್ತವೆ. ಉಡಿಕೆ, ಕೂಡಿಕೆ ಎಂಬ ಹೆಸರುಗಳೇ ಅಂತಹ ಮರುಮದುವೆಯ ಗುರುತುಗಳು. ಕುಲದ ಯಜಮಾನನೂ ಹಿರಿಯರೂ ಸೇರಿದ ಕಡೆ ಎರಡು ಮನೆಯವರ ಮಾತನ್ನು ಕೇಳಿ, ಮದುವೆಯಲ್ಲಿ ಕೊಟ್ಟ ತೆರವನ್ನೂ ಒಡವೆಯನ್ನೂ ಲೆಕ್ಕ ಹಾಕಿ, ಸಂಬಂಧವನ್ನು ಕಡಿದುಕೊಡುವುದು ಈ ಪದ್ಧತಿಯ ಸಾಮಾನ್ಯ ಸ್ವರೂಪ. ಉತ್ತರದ ಜಿಲ್ಲೆಗಳಲ್ಲಿ ಮರಾಠಿಯ ಪ್ರಭಾವದಿಂದ ಸೋಡಚೀಟಿ ಎಂಬ ಮಾತೂ ರೂಢಿಗೆ ಬಂದಿತ್ತು. ಖರ್ಚು ಕಡಮೆ, ಕಾಲವಿಳಂಬವಿಲ್ಲ, ಊರಿಗೆಲ್ಲ ತಿಳಿದ ವ್ಯವಹಾರ. ಇವು ಈ ಪದ್ಧತಿಯ ಗುಣಗಳು. ಆದರೆ ಇದನ್ನು ಆದರ್ಶವೆಂದು ಕೊಂಡಾಡುವುದು ಸರಿಯಲ್ಲ. ಹಿರಿಯರ ಸಭೆಯಲ್ಲಿ ಕುಳಿತವರು ಪುರುಷರು. ಹೆಣ್ಣಿನ ಒಪ್ಪಿಗೆಯನ್ನು ಎಷ್ಟೋ ವೇಳೆ ಅವಳ ತಂದೆಯೋ ಅಣ್ಣನೋ ಹೇಳುತ್ತಿದ್ದನು. ತೆರವನ್ನು ಹಿಂದಿರುಗಿಸುವ ಶಕ್ತಿ ತವರಿಗೆ ಇಲ್ಲದಿದ್ದರೆ ಅವಳ ಇಚ್ಛೆ ಅಲ್ಲಿಗೇ ನಿಂತುಹೋಗುತ್ತಿತ್ತು. ಉಡಿಕೆಯಾದವಳಿಗೆ ಮೊದಲ ಮದುವೆಯ ಹೆಂಡತಿಗಿದ್ದ ಮರ್ಯಾದೆಯೂ ಇರುತ್ತಿರಲಿಲ್ಲ.

ಬ್ರಿಟಿಷರ ನ್ಯಾಯಾಲಯಗಳು ಈ ರೂಢಿಯನ್ನು ಎದುರಿಸಿದಾಗ ಎರಡು ಭಿನ್ನ ಧೋರಣೆಗಳು ಹೊರಪಟ್ಟವು. ಒಂದು ವಿವಾಹವನ್ನು ರದ್ದುಪಡಿಸಿ ಹೆಣ್ಣಿಗೆ ಮರುಮದುವೆಯ ಅನುಮತಿ ಕೊಡುವ ಅಧಿಕಾರ ಜಾತಿಯ ಪಂಚಾಯಿತಿಗೆ ಉಂಟೆಂಬುದನ್ನು ಮುಂಬಯಿ ಹೈಕೋರ್ಟು ೧೮೭೬ರಲ್ಲಿ ನಿರಾಕರಿಸಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಆ ಹೈಕೋರ್ಟಿನ ಅಧಿಕಾರಕ್ಕೆ ಒಳಪಟ್ಟಿದ್ದುದರಿಂದ ಈ ತೀರ್ಪಿನ ಬಿಸಿ ಕನ್ನಡಿಗರಿಗೂ ತಟ್ಟುವಂತಹುದಾಗಿತ್ತು. ಮದರಾಸು ಹೈಕೋರ್ಟಿನ ಧೋರಣೆ ಬೇರೆ. ಮೂಲ ವಿವಾಹದ ವೆಚ್ಚವನ್ನು ಒಬ್ಬರು ಇನ್ನೊಬ್ಬರಿಗೆ ತೆತ್ತು ಇಬ್ಬರೂ ಒಪ್ಪಿ ಬಿಡುಗಡೆ ಹೊಂದುವ ಜಾತಿಯ ರೂಢಿಯಲ್ಲಿ ನೀತಿಬಾಹಿರವಾದುದು ಏನೂ ಇಲ್ಲವೆಂದು ಅದು ೧೮೯೪ರಲ್ಲಿ ತೀರ್ಮಾನಿಸಿತು. ಈ ಎರಡು ತೀರ್ಪುಗಳು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಸೂಕ್ಷ್ಮವಾಗಿ ನೋಡಿದರೆ ಹಾಗಲ್ಲ. ಗಂಡನ ಒಪ್ಪಿಗೆಯಿಲ್ಲದೆ ಪಂಚಾಯಿತಿಯೇ ಬಿಡುಗಡೆ ಕೊಡುವುದನ್ನು ಮುಂಬಯಿ ತಡೆಯಿತು. ದಂಪತಿಗಳೇ ಒಪ್ಪಿದ ಬಿಡುಗಡೆಯನ್ನು ಮದರಾಸು ಮನ್ನಿಸಿತು. ಇದರಿಂದ ಸಮುದಾಯದ ಅಧಿಕಾರ ಕುಗ್ಗಿ, ಉಭಯರ ಸಮ್ಮತಿಗೆ ಬೆಲೆ ಬಂದಿತೆಂಬುದು ವಿದಿತವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಶಾಸನಸಭೆಗಳು ಮುಂದೆ ಬಂದವು. ಮೈಸೂರಿನ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಆ ಕಾಲಕ್ಕೆ ಮಹತ್ತ್ವದ ಹೆಜ್ಜೆಯೇ ಸರಿ. ಆದರೆ ಅದರ ವಿಷಯ ಆಸ್ತಿ, ದತ್ತಕ, ಜೀವನಾಂಶಗಳೇ ಹೊರತು ವಿಚ್ಛೇದನವಲ್ಲ. ಮುಂಬಯಿ ಪ್ರಾಂತವು ೧೯೪೭ರಲ್ಲಿಯೂ ಮದರಾಸು ಪ್ರಾಂತವು ೧೯೪೯ರಲ್ಲಿಯೂ ಹಿಂದೂಗಳಿಗೆ ವಿಚ್ಛೇದನದ ಹಕ್ಕನ್ನು ಕೊಟ್ಟವು. ಹೀಗಾಗಿ ಧಾರವಾಡದ ಹೆಣ್ಣಿಗೂ ಮಂಗಳೂರಿನ ಹೆಣ್ಣಿಗೂ ಮೈಸೂರಿನ ಹೆಣ್ಣಿಗೂ ಬೇರೆಬೇರೆ ನ್ಯಾಯವಿದ್ದ ಕಾಲವೊಂದು ನಡೆದುಹೋಯಿತು. ೧೯೫೫ರ ಹಿಂದೂ ವಿವಾಹ ಕಾಯಿದೆ ಬಂದಾಗ ಈ ಪ್ರಾಂತೀಯ ಕಾಯಿದೆಗಳು ರದ್ದಾದವು. ಅದರ ಹಿನ್ನೆಲೆಯಲ್ಲಿದ್ದ ಹಿಂದೂ ಕಾನೂನು ಸಮಿತಿಗೆ ಮಂಗಳೂರಿನಲ್ಲಿ ಜನಿಸಿದ ಬಿ. ಎನ್. ರಾಯರು ಅಧ್ಯಕ್ಷರಾಗಿದ್ದರೆಂಬುದನ್ನು ನಾವು ಮರೆಯಬಾರದು.

ಆದರೆ ೧೯೫೫ರ ಕಾಯಿದೆಯು ಮೂಲರೂಪದಲ್ಲಿ ದೋಷಮೂಲವಾದ ವಿಚ್ಛೇದನವನ್ನೇ ಮುಖ್ಯವಾಗಿ ಹೇಳಿತು. ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಿ ಅದನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕಾಗಿತ್ತು. ಅಷ್ಟೇ ಅಲ್ಲ, ವಾದಿ ಪ್ರತಿವಾದಿಗಳು ಒಳಗೊಳಗೇ ಒಪ್ಪಿಕೊಂಡು ಅರ್ಜಿ ಸಲ್ಲಿಸಿದ್ದರೆ ಅದು ಒಳಸಂಚು ಎನಿಸಿಕೊಂಡು ಪರಿಹಾರಕ್ಕೆ ಅಡ್ಡಿಯಾಗುತ್ತಿತ್ತು. ಜಗಳವಾಡುವವರಿಗೆ ಬಾಗಿಲು ತೆರೆದಿತ್ತು. ಶಾಂತವಾಗಿ ಒಪ್ಪಿದವರಿಗೆ ಮುಚ್ಚಿತ್ತು. ಇದಕ್ಕೆ ಮೊದಲ ಅಪವಾದವನ್ನು ಒದಗಿಸಿದುದು ೧೯೫೪ರ ವಿಶೇಷ ವಿವಾಹ ಕಾಯಿದೆ. ಅದರ ೨೮ನೆಯ ಕಲಮಿನಂತೆ, ಒಂದು ವರ್ಷಕ್ಕೆ ಕಡಮೆಯಿಲ್ಲದೆ ಬೇರೆಯಾಗಿ ಬಾಳಿದ ದಂಪತಿಗಳು ಜಂಟಿಯಾಗಿ ಅರ್ಜಿ ಸಲ್ಲಿಸಬಹುದಾಗಿತ್ತು. ಸಲ್ಲಿಸಿದ ಮೇಲೆ ಮತ್ತೆ ಒಂದು ವರ್ಷ ಕಾದು, ಎರಡು ವರ್ಷ ಮೀರುವುದರೊಳಗೆ ಪುನಃ ಇಬ್ಬರೂ ನಿವೇದಿಸಿಕೊಳ್ಳಬೇಕಾಗಿತ್ತು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ ಈ ವಿಧಿಯನ್ನು ಬೆಂಬಲಿಸಿ ಮಾತನಾಡಿದರು. ಆದರೆ ಈ ಕಾಯಿದೆಯ ಪ್ರಕಾರ ಮದುವೆಯಾದವರಿಗೂ ನೋಂದಣಿ ಮಾಡಿಸಿಕೊಂಡವರಿಗೂ ಮಾತ್ರ ಇದರ ಪ್ರಯೋಜನ ದೊರೆಯುತ್ತಿತ್ತು.

ಇಪ್ಪತ್ತೆರಡು ವರ್ಷಗಳ ಅನಂತರ ಈ ಭೇದ ಅಳಿಯಿತು. ಕಾನೂನು ಆಯೋಗವು ೧೯೭೪ರ ತನ್ನ ೫೯ನೆಯ ವರದಿಯಲ್ಲಿ ಸಲಹೆಯಿತ್ತಿತು. ೧೯೭೬ರ ವಿವಾಹ ಕಾನೂನುಗಳ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಗೆ ೧೩ ಬಿ ಸೇರಿತು. ಆ ತಿದ್ದುಪಡಿಗೆ ಮೊದಲು ನಡೆದ ಮದುವೆಗಳಿಗೂ ಅದು ಅನ್ವಯಿಸುತ್ತದೆ. ಅದರ ಕ್ರಮ ಸರಳವಾದುದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿದ್ದೇವೆ, ಕೂಡಿ ಬಾಳಲಾರೆವು, ವಿವಾಹ ವಿಸರ್ಜನೆಗೆ ಒಪ್ಪಿದ್ದೇವೆ ಎಂಬ ಮೂರು ಮಾತುಗಳನ್ನು ಇಬ್ಬರೂ ಸೇರಿ ಅರ್ಜಿಯಲ್ಲಿ ಹೇಳಬೇಕು. ಆರು ತಿಂಗಳ ಅನಂತರ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬರಬೇಕು. ನ್ಯಾಯಾಲಯವು ಇಬ್ಬರನ್ನೂ ಕೇಳಿ, ತಕ್ಕ ವಿಚಾರಣೆ ನಡೆಸಿ, ಅರ್ಜಿಯ ಮಾತುಗಳು ನಿಜವೆಂದು ಮನಗಂಡ ಮೇಲೆ ಡಿಕ್ರಿ ಕೊಡುತ್ತದೆ. ಬಲಾತ್ಕಾರದಿಂದಾಗಲಿ ವಂಚನೆಯಿಂದಾಗಲಿ ಅನುಚಿತ ಪ್ರಭಾವದಿಂದಾಗಲಿ ಪಡೆದ ಸಮ್ಮತಿ ಸಮ್ಮತಿಯೇ ಅಲ್ಲವೆಂಬ ವಿಧಿಯನ್ನೂ ಅದೇ ತಿದ್ದುಪಡಿ ಸೇರಿಸಿತು. ಒಂದು ಕಾಲಕ್ಕೆ ಅಡ್ಡಿಯೆನಿಸಿದ್ದ ಒಪ್ಪಂದವೇ ಈಗ ಪರಿಹಾರಕ್ಕೆ ಆಧಾರವಾಯಿತು. ಪಾರಸಿಗಳಿಗೆ ೧೯೮೮ರಲ್ಲಿಯೂ ಕ್ರೈಸ್ತರಿಗೆ ೨೦೦೧ರಲ್ಲಿಯೂ ಇಂತಹುದೇ ಅವಕಾಶ ದೊರೆಯಿತು. ಮುಸಲ್ಮಾನರ ಧರ್ಮಶಾಸ್ತ್ರದಲ್ಲಿ ಉಭಯಸಮ್ಮತಿಯ ಬಿಡುಗಡೆಯು ಮುಬಾರಾತ್ ಎಂಬ ಹೆಸರಿನಿಂದ ಮೊದಲಿನಿಂದಲೂ ಇದ್ದು, ೧೯೩೭ರ ಷರೀಯತ್ ಕಾಯಿದೆ ಅದನ್ನು ಹೆಸರಿಸಿಯೇ ಇದೆ.

ಕಾಯುವ ಕಾಲದ ಅರ್ಥವೇನೆಂಬುದು ಮುಂದೆ ವಾದಗ್ರಸ್ತವಾಯಿತು. ಅರ್ಜಿಗೆ ರುಜು ಹಾಕಿದವರಲ್ಲಿ ಒಬ್ಬರು ಮಧ್ಯದಲ್ಲಿ ಮನಸ್ಸು ಬದಲಿಸಿದರೆ ಏನು ಗತಿ? ಈ ವಿಷಯದಲ್ಲಿ ಹೈಕೋರ್ಟುಗಳು ಭಿನ್ನಾಭಿಪ್ರಾಯ ತಳೆದಿದ್ದವು. ೧೯೯೧ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರು, ಸಮ್ಮತಿಯು ಡಿಕ್ರಿಯಾಗುವವರೆಗೂ ಉಳಿದಿರಬೇಕು, ಅಷ್ಟರೊಳಗೆ ಯಾರೊಬ್ಬರೂ ಅದನ್ನು ಹಿಂತೆಗೆದುಕೊಳ್ಳಬಹುದು ಎಂದು ನಿರ್ಣಯಿಸಿದರು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡಿರಂತೆ ಬಾಳದಿದ್ದರೆ ಅದು ಬೇರೆಯಾಗಿರುವುದೇ ಎಂದೂ ಆ ತೀರ್ಪು ವಿವರಿಸಿತು. ಬಾಡಿಗೆಯ ಎರಡನೆಯ ಮನೆಯನ್ನು ಮಾಡಲಾರದ ಬಡವರಿಗೆ ಈ ವಿವರಣೆಯಿಂದ ಆದ ಉಪಕಾರ ಅಲ್ಪವಲ್ಲ. ೨೦೧೭ರಲ್ಲಿ ಅದೇ ನ್ಯಾಯಾಲಯವು, ಆರು ತಿಂಗಳ ಅವಧಿಯು ಅನುಲ್ಲಂಘನೀಯವಲ್ಲವೆಂದೂ, ಸಂಧಾನದ ಯತ್ನಗಳೆಲ್ಲ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಷಯಗಳು ಇತ್ಯರ್ಥವಾಗಿದ್ದು, ಕಾಯುವುದರಿಂದ ಸಂಕಟ ಬೆಳೆಯುವುದಷ್ಟೇ ಆಗಿದ್ದರೆ ಅದನ್ನು ಬಿಡಬಹುದೆಂದೂ ಹೇಳಿತು. ೨೦೨೩ರ ಸಂವಿಧಾನಪೀಠದ ತೀರ್ಪು, ಸಂವಿಧಾನದ ೧೪೨ನೆಯ ಅನುಚ್ಛೇದದಂತೆ ತಾನೇ ಈ ಅವಧಿಯನ್ನು ಮನ್ನಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಉಂಟೆಂದು ಸ್ಥಿರಪಡಿಸಿತು.

ಈಗ ನಾವು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಜಂಟಿ ಅರ್ಜಿಯ ಪದ್ಧತಿ ಬಂದುದರಿಂದ ಹಳೆಯ ರೂಢಿ ಅಳಿಯಲಿಲ್ಲ. ೧೯೫೫ರ ಕಾಯಿದೆಯ ೨೯ನೆಯ ಕಲಮು, ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿಕೊಟ್ಟಿದೆ. ಆದುದರಿಂದಲೇ ಹಿರಿಯರ ಸಮಕ್ಷಮದಲ್ಲಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿಕೊಂಡು, ಎರಡು ಕಡೆಯವರೂ ರುಜು ಹಾಕಿ, ಎಲ್ಲವೂ ಮುಗಿಯಿತೆಂದು ನಂಬುವವರು ಇಂದಿಗೂ ಇದ್ದಾರೆ. ಆದರೆ ಅಂತಹ ರೂಢಿ ತಮ್ಮ ಸಮುದಾಯದಲ್ಲಿ ನಿಜವಾಗಿ ಉಂಟೆಂಬುದನ್ನು, ಅದನ್ನು ಆಶ್ರಯಿಸುವವರು ನ್ಯಾಯಾಲಯದಲ್ಲಿ ಹೇಳಿ ಸಾಕ್ಷ್ಯದಿಂದ ಸ್ಥಾಪಿಸಬೇಕು. ಸುಪ್ರೀಂ ಕೋರ್ಟು ೨೦೦೨ರಲ್ಲಿ ಈ ತತ್ತ್ವವನ್ನು ದೃಢವಾಗಿ ಸಾರಿದೆ. ಸ್ಥಾಪಿಸಲಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಮೊದಲ ವಿವಾಹ ಉಳಿದೇ ಇರುತ್ತದೆ. ಅದನ್ನು ನಂಬಿ ಮಾಡಿಕೊಂಡ ಎರಡನೆಯ ವಿವಾಹ ಶೂನ್ಯವಾಗುತ್ತದೆ. ದ್ವಿವಿವಾಹದ ಅಪರಾಧವೂ ತಲೆಯ ಮೇಲೆ ಬರಬಹುದು. ಈ ಕಷ್ಟವು ಹೆಚ್ಚಾಗಿ ಹೊರಬೀಳುವುದು ಅನೇಕ ವರ್ಷಗಳ ಮೇಲೆ, ಗಂಡನು ಸತ್ತು ಪಾಲಿನ ಅಥವಾ ಪಿಂಚಣಿಯ ಪ್ರಶ್ನೆ ಹುಟ್ಟಿದಾಗ. ಆಗ ಅದರ ಭಾರವನ್ನು ಹೊರುವವಳು ಎರಡನೆಯ ವಿವಾಹವನ್ನು ನಂಬಿ ಬಂದ ಹೆಣ್ಣು.

ಇದಕ್ಕಾಗಿ ರೂಢಿಯನ್ನು ಹಳಿದು ನ್ಯಾಯಾಲಯವನ್ನು ಹೊಗಳಿದರೆ ಸಾಲದು. ಜಂಟಿ ಅರ್ಜಿಯಲ್ಲಿಯೂ ಎರಡು ರುಜುಗಳು ಸಮಾನವಾಗಿರುತ್ತವೆಂದು ಹೇಳುವಂತಿಲ್ಲ. ಸ್ವಂತ ಸಂಪಾದನೆಯಿಲ್ಲದವಳು, ತವರಿನ ಆಸರೆಯಿಲ್ಲದವಳು, ದೀರ್ಘವ್ಯಾಜ್ಯಕ್ಕೆ ಹೆದರಿ ಸ್ತ್ರೀಧನವನ್ನೂ ಜೀವನಾಂಶವನ್ನೂ ಬಿಟ್ಟುಕೊಟ್ಟು ರುಜು ಹಾಕಿದರೆ ಕಾಗದದ ಮೇಲೆ ಅದೂ ಸಮ್ಮತಿಯೇ. ಕೌಟಿಲ್ಯನ ಕಾಲದಲ್ಲಿ ಅವಳು ಹಣವನ್ನು ಕಳೆದುಕೊಂಡು ಬಿಡುಗಡೆ ಪಡೆಯುತ್ತಿದ್ದಳು. ಪಂಚಾಯಿತಿಯ ಕಾಲದಲ್ಲಿ ತೆರವನ್ನು ಹಿಂದಿರುಗಿಸಿ ಪಡೆಯುತ್ತಿದ್ದಳು. ಈಗ ಹಕ್ಕನ್ನು ಬಿಟ್ಟುಕೊಟ್ಟು ಪಡೆಯುವ ಸಂಭವವುಂಟು. ಭೇದವೇನೆಂದರೆ, ಇಂದು ಅವಳನ್ನೇ ನೇರವಾಗಿ ಕೇಳುವ ಹೊಣೆಯನ್ನು ಶಾಸನವು ಒಬ್ಬ ನ್ಯಾಯಾಧೀಶನ ಮೇಲೆ ಹೊರಿಸಿದೆ. ಮನಸ್ಸು ಬದಲಿಸಲು ಅವಳಿಗೆ ಕಾಲಾವಕಾಶವನ್ನೂ ಕೊಟ್ಟಿದೆ. ಆದುದರಿಂದ ಅವಧಿಯನ್ನು ಮೊಟಕುಗೊಳಿಸುವಾಗ ವಿಚಾರಣೆಯನ್ನೂ ಮೊಟಕುಗೊಳಿಸಬಾರದೆಂಬುದು ಈ ಚರಿತ್ರೆಯಿಂದ ಸಿದ್ಧವಾಗುತ್ತದೆ. ಕುಟುಂಬ ನ್ಯಾಯಾಲಯದಲ್ಲಿ ಗಂಡನ ಮರೆಯಿಲ್ಲದೆ ಅವಳೊಬ್ಬಳನ್ನೇ ಮಾತನಾಡಿಸುವ ಕೆಲವು ನಿಮಿಷಗಳು ಆರು ತಿಂಗಳ ಕಾಯುವಿಕೆಗಿಂತ ಹೆಚ್ಚು ಫಲಕಾರಿಯಾಗಬಲ್ಲವು.

ಕೊನೆಯದಾಗಿ ಸಂಶೋಧಕರಿಗೆ ಒಂದು ಸೂಚನೆ. ರೂಢಿಯನ್ನು ಸ್ಥಾಪಿಸುವ ಭಾರ ಇಂದು ಪ್ರತಿಯೊಬ್ಬ ಕಕ್ಷಿಗಾರನ ಮೇಲೆ ಬಿದ್ದಿದೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿಯೂ ನೋಂದಣಿ ಕಚೇರಿಗಳ ದಾಖಲೆಗಳಲ್ಲಿಯೂ ಉಳಿದಿರಬಹುದಾದ ಬಿಡುಗಡೆ ಪತ್ರಗಳನ್ನು, ಅವುಗಳಲ್ಲಿ ಬರುವ ವ್ಯಕ್ತಿಗಳ ಹೆಸರನ್ನು ಮರೆಸಿ, ಜಿಲ್ಲಾವಾರು ಸಂಗ್ರಹಿಸಿದರೆ, ಯಾವ ಸಮುದಾಯದಲ್ಲಿ ಯಾವ ಕ್ರಮ ಎಂದಿನವರೆಗೆ ನಡೆದಿತ್ತೆಂಬುದು ಸ್ಪಷ್ಟವಾಗುತ್ತದೆ. ಆ ಪತ್ರಗಳಲ್ಲಿ ಹೆಂಡತಿಯ ರುಜುವೋ ಹೆಬ್ಬೆಟ್ಟಿನ ಗುರುತೋ ಇದೆಯೇ, ಅಥವಾ ಅವಳ ಪರವಾಗಿ ಬೇರೊಬ್ಬರ ರುಜು ಮಾತ್ರ ಇದೆಯೇ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಚರಿತ್ರೆಗೂ ನ್ಯಾಯಕ್ಕೂ ಒಟ್ಟಿಗೆ ಉಪಯೋಗವಾಗುವ ಇಂತಹ ಕೆಲಸವನ್ನು ತರುಣ ವಿದ್ಯಾರ್ಥಿಗಳು ಕೈಗೊಳ್ಳಬೇಕೆಂದು ಹಾರೈಸುತ್ತೇವೆ.