ಒಂದನ್ನೊಂದು ಕಾಯದ ಬಂಡಿಗಳು

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡವು ಘಟ್ಟದ ಬುಡದಲ್ಲಿರುವ ಅಡಕೆತೋಟಗಳ ಊರು. ವೈದ್ಯನಾಥೇಶ್ವರನ ದೇವಾಲಯ, ಸಮೀಪದಲ್ಲೇ ಬಯಲನ್ನೇ ಆಲಯವಾಗಿ ಮಾಡಿಕೊಂಡ ಸೌತಡ್ಕದ ಗಣಪತಿ, ಇವೇ ಹೊರಗಿನವರಿಗೆ ಆ ಸೀಮೆಯ ಗುರುತು. ಅಲ್ಲಿಂದ ಮೂಡುಬಿದಿರೆಯ ಕಾಲೇಜಿಗಾಗಲಿ ಮಂಗಳೂರಿನ ಆಸ್ಪತ್ರೆಗಾಗಲಿ ಹೊರಟವರಿಗೆ ಬಸ್ಸುಗಳೇ ಇಲ್ಲವೆಂದಲ್ಲ. ಒಂದು ಬಸ್ಸು ಇಳಿಸುವ ಹೊತ್ತಿಗೆ ಇನ್ನೊಂದು ಹೊರಟುಹೋಗಿರುವುದೇ ಅವರ ಕಷ್ಟ. ಈ ಕಷ್ಟಕ್ಕೂ ಒಂದು ಚರಿತ್ರೆಯುಂಟು.

ಮೋಟಾರು ಬರುವ ಮೊದಲು ಮೈಸೂರು ಸೀಮೆಯ ಸರಕು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಬಂಟ್ವಾಳಕ್ಕೆ ಬರುತ್ತಿತ್ತು. ಅಲ್ಲಿಂದ ನೇತ್ರಾವತಿಯ ದೋಣಿಗಳು ಅದನ್ನು ಮಂಗಳೂರಿಗೆ ಒಯ್ಯುತ್ತಿದ್ದುವು. ಗಾಡಿಯವನಿಗೆ ದೋಣಿ ಬೇಕು, ದೋಣಿಯವನಿಗೆ ಗಾಡಿ ಬೇಕು. ಒಬ್ಬನನ್ನೊಬ್ಬನು ಕಾಯದೆ ಇಬ್ಬರಿಗೂ ಬಾಡಿಗೆ ಹುಟ್ಟದು. ಅದು ಸುವರ್ಣಯುಗವೆಂದು ನಾವು ಹೇಳುವುದಿಲ್ಲ. ಮಳೆಗಾಲದ ಕಡವಿನಲ್ಲಿ ಗಂಟುಮೂಟೆಯೊಡನೆ ಕುಳಿತವರು ಹಾಗೆ ಎಂದಿಗೂ ಹೇಳಿರಲಾರರು. ಆದರೆ ಕಾಯುವುದು ವ್ಯಾಪಾರದ ಒಂದು ಅಂಗವಾಗಿತ್ತು.

1907ರಲ್ಲಿ ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಅಲ್ಲಿ ಹುಟ್ಟಿತು. ಜನ ಅದನ್ನು ಸಿ.ಪಿ.ಸಿ. ಎಂದು ಕರೆದರು. ಸರ್ಕಾರದ ಹಣವನ್ನು ಕಾಯದೆ ಒಂದು ಜಿಲ್ಲೆಯ ಜನ ತಾವಾಗಿಯೇ ಬಸ್ಸುಗಳನ್ನು ಓಡಿಸಿದುದು ಸಣ್ಣ ಸಾಹಸವಲ್ಲ. ಆದರೆ ಮೋಟಾರಿನ ಯಜಮಾನನಿಗೆ ಇನ್ನೊಂದು ಬಂಡಿಯ ಹಂಗು ಬೇಕಿರಲಿಲ್ಲ. ಅದೇ ರಸ್ತೆಯ ಇನ್ನೊಬ್ಬನಿಗಿಂತ ಐದು ನಿಮಿಷ ಮುಂದೆ ಹೋದರೆ ದಾರಿಯ ಜನವೆಲ್ಲ ಅವನವರು.

ಇತ್ತ ರೈಲಿಗೂ ಮೋಟಾರಿಗೂ ಜಗಳ ಬೆಳೆಯುತ್ತಿರಲು, 1933ರಲ್ಲಿ ಮಿಚೆಲ್ ಮತ್ತು ಕಿರ್ಕ್‌ನೆಸ್ ಎಂಬ ಅಧಿಕಾರಿಗಳ ವರದಿ ಹೊರಬಿತ್ತು; 1939ರಲ್ಲಿ ಮೋಟಾರು ವಾಹನಗಳ ಕಾನೂನು ಬಂದಿತು. ರಸ್ತೆ ರೈಲುಗಳ ಹೊಂದಾಣಿಕೆಯೆಂಬ ಮಾತು ಆ ಕಾನೂನಿನಲ್ಲೇ ಇದೆ. ಆದರೆ ಅದರ ಚಿಂತೆಯೆಲ್ಲ ಮೋಟಾರಿನ ಪೈಪೋಟಿಯಿಂದ ರೈಲಿನ ವರಮಾನ ಕರಗುತ್ತಿದ್ದುದರ ಮೇಲೆ. ಬೆಳ್ತಂಗಡಿಯ ಕಡೆಗೆ ರೈಲೇ ಇರಲಿಲ್ಲವಾಗಿ, ಹೊಂದಿಸುವುದಕ್ಕೆ ಏನಿತ್ತು? ಪರ್ಮಿಟ್ಟು ಕೊಡುವಾಗ ಯಾರ ಅಹವಾಲನ್ನು ಕೇಳಬೇಕೆಂಬ ಪಟ್ಟಿಯಲ್ಲಿ ಅದೇ ದಾರಿಯ ಹಳೆಯ ಬಸ್ಸಿನವರಿದ್ದರು, ಸ್ಥಳೀಯ ಸಂಸ್ಥೆಗಳಿದ್ದುವು, ಪೊಲೀಸರಿದ್ದರು. ಬರಿಯ ಪ್ರಯಾಣಿಕನ ಹೆಸರು ಮಾತ್ರ ಇರಲಿಲ್ಲ.

ಘಟ್ಟದ ಮೇಲಿನ ಕಥೆ ಬೇರೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದವರು 120 ಬಸ್ಸುಗಳೊಡನೆ ತಮ್ಮದೇ ಸಾರಿಗೆ ಇಲಾಖೆಯನ್ನು ಆರಂಭಿಸಿದರು. ಕನ್ನಡ ಜಿಲ್ಲೆ ಆಗ ಮದರಾಸಿನದು. 1956ರಲ್ಲಿ ಎರಡೂ ಒಂದೇ ರಾಜ್ಯವಾದುವು. ಬಸ್ಸಿನ ಪದ್ಧತಿಗಳು ಒಂದಾಗಲಿಲ್ಲ. 1979ರಲ್ಲಿ ಮಂಗಳೂರು–ಹಾಸನ ರೈಲು ಮಾರ್ಗ ಮುಗಿದು, ಬಂಟ್ವಾಳ, ಪುತ್ತೂರು, ನೆಟ್ಟಣಗಳಿಗೆ ನಿಲ್ದಾಣಗಳು ಬಂದುವು. ಹಳಿಯನ್ನು ಅಗಲ ಮಾಡುವುದಕ್ಕಾಗಿ 1996ರಲ್ಲಿ ಪ್ರಯಾಣಿಕರ ಗಾಡಿ ನಿಂತು, ಮತ್ತೆ ಓಡಿದುದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಹುಡುಗರು ರೈಲನ್ನು ಮರೆತೇ ಬೆಳೆದಿದ್ದರು.

2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಖಾಸಗಿ ಬಸ್ಸೇ ಓಡುವ ದಾರಿಯ ಹೆಂಗಸಿಗೆ ಆ ಭಾಗ್ಯವಿಲ್ಲ. ಒಂದೇ ಪಯಣದ ಅರ್ಧದಾರಿ ಉಚಿತ, ಉಳಿದರ್ಧಕ್ಕೆ ಕಾಸು! ಇದರಿಂದ ಹೊರಟ ಮನವಿಯೂ ಹಳೆಯದೇ: ನಮ್ಮೂರಿಗೊಂದು ಬಸ್ಸು ಕೊಡಿ. ಇಂತಹ ಅರ್ಜಿಗಳಿಗೆ ನಾವೂ ರುಜು ಹಾಕಿದ್ದೇವೆ. ಆ ಬಸ್ಸು ಮುಂದಿನ ಬಸ್ಸಿಗೆ ಸಿಕ್ಕುವುದೇ ಎಂದು ಕೇಳಲು ನಮಗೂ ಹೊಳೆಯಲಿಲ್ಲ. ಪ್ರತಿಯೊಂದು ಊರೂ ತನ್ನ ಬಸ್ಸನ್ನು ಕೇಳಿತು; ಎರಡು ಬಸ್ಸುಗಳ ನಡುವಣ ಹೊತ್ತನ್ನು ಕೇಳಲು ಊರುಗಳು ಒಟ್ಟುಗೂಡಲಿಲ್ಲ.

ಒಟ್ಟುಗೂಡಿದವರ ಉದಾಹರಣೆ ಸ್ವಿಟ್ಸರ್ಲೆಂಡಿನ ಜೂರಿಚ್ ಪ್ರಾಂತದಲ್ಲಿದೆ. 1973ರಲ್ಲಿ ಅಲ್ಲಿಯ ಮತದಾರರು ಭಾರಿ ಸುರಂಗರೈಲಿನ ಯೋಜನೆಯನ್ನು ತಿರಸ್ಕರಿಸಿದರು. 1977ರಲ್ಲಿ ನಗರದವರು ಇದ್ದ ಟ್ರಾಂ ಬಸ್ಸುಗಳನ್ನೇ ತಡೆಯಿಲ್ಲದೆ ಓಡಿಸಲು ಹಣವನ್ನು ಒಪ್ಪಿದರು. 1988ರಲ್ಲಿ ಇಡೀ ಪ್ರಾಂತವೇ ಮತ ಕೊಟ್ಟು ಸಾರಿಗೆಯ ಕೂಟವೊಂದನ್ನು ಕಟ್ಟಿತು. 1990ರ ಮೇ ತಿಂಗಳಿಂದ ರೈಲು, ಟ್ರಾಂ, ಬಸ್ಸು, ಸರೋವರದ ದೋಣಿ ಎಲ್ಲಕ್ಕೂ ಒಂದೇ ಟಿಕೆಟ್ಟು. ಸಂಸ್ಥೆಗಳು ಬೇರೆ ಬೇರೆಯಾಗಿಯೇ ಉಳಿದುವು. ಖಾಸಗಿಯವರನ್ನು ಓಡಿಸಿದರೆ ಎಲ್ಲ ಸರಿಹೋದೀತೆನ್ನುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.

ಕೊಕ್ಕಡಕ್ಕೆ ಇದು ವಿನೋದದ ವಿಷಯವಲ್ಲ. ಆ ಸೀಮೆಯ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಯಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿದ್ದು 2011ರಲ್ಲಿ. ಅದರ ಫಲವನ್ನುಂಡ ಮನೆಗಳಲ್ಲಿ ನಡೆಯಲಾರದ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ಅಂತಹ ಮಗನನ್ನು ಎತ್ತಿಕೊಂಡು ಬಸ್ಸಿಳಿದ ತಾಯಿಯ ಎದುರಿಗೆ ಮುಂದಿನ ಬಸ್ಸು ಧೂಳೆಬ್ಬಿಸಿ ಹೋಗುತ್ತದೆ. ಆ ಬಸ್ಸಿನ ವೇಳೆಯನ್ನು ಗೊತ್ತುಮಾಡುವ ಅಧಿಕಾರ ಇಂದಿಗೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. ಅದರ ಮುಂದೆ ಕೊಕ್ಕಡದ ಪಂಚಾಯಿತಿಯೂ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳಗಳ ಸಂಸ್ಥೆಗಳೂ ಕೂಡಿ ಒಂದೇ ಕಾಗದವನ್ನಿಡಬಹುದು. ಅದರಲ್ಲಿ ಹೊಸ ಬಸ್ಸನ್ನು ಕೇಳಬೇಕಾಗಿಲ್ಲ. ಹತ್ತು ನಿಮಿಷ ಕಾಯಬೇಕೆಂದು ಕೇಳಿದರೆ ಸಾಕು.