ಅಥೆನ್ಸಿನ ರಣರಂಗ ಮತ್ತು ನಾಟಕರಂಗ

ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಪ್ರಾಚೀನ ಗ್ರೀಕರ ಯುದ್ಧಗಳು ಒಂದು ಪಾಠದಲ್ಲಿ ಬರುತ್ತವೆ. ಅವರ ನಾಟಕ, ಶಿಲ್ಪ, ತತ್ತ್ವಚಿಂತನೆಗಳು ಮತ್ತೊಂದು ಪಾಠದಲ್ಲಿ. ಪರೀಕ್ಷೆಯ ದೃಷ್ಟಿಯಿಂದ ಇದು ಅನುಕೂಲವೇ. ಆದರೆ ಅಥೆನ್ಸ್ ನಗರದಲ್ಲಿ ಈ ಎರಡು ಪಾಠಗಳೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಕೂಡಿಕೊಂಡಿದ್ದವು. ಸಭೆಯಲ್ಲಿ ಕೈಯೆತ್ತಿ ಯುದ್ಧಕ್ಕೆ ಒಪ್ಪಿಗೆ ಕೊಟ್ಟವನೇ ಆಯುಧ ಹಿಡಿದು ಹೊರಡಬೇಕಿತ್ತು. ಬದುಕಿ ಬಂದರೆ, ವಸಂತಕಾಲದ ಡಯೊನೈಸಸ್ ಉತ್ಸವದಲ್ಲಿ ನಾಟಕ ನೋಡಲು ಕೂರುತ್ತಿದ್ದವನೂ ಅವನೇ.

ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಇಂದಿನಂತಹ ಕಾಯಂ ಸೈನ್ಯವಿರಲಿಲ್ಲ. ಅನುಕೂಲವಿದ್ದ ರೈತ, ಕುಶಲಕರ್ಮಿಗಳು ತಮ್ಮ ಹಣದಿಂದಲೇ ಆಯುಧ ಕೊಂಡು ಕಾಲಾಳುಗಳಾಗುತ್ತಿದ್ದರು. ಇವರಿಗೆ ಹಾಪ್ಲೈಟರೆಂದು ಹೆಸರು. ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಸುಮಾರು 90 ಸೆಂಟಿಮೀಟರ್ ಅಗಲದ ದುಂಡು ಗುರಾಣಿ. ಈ ಗುರಾಣಿ ಹಿಡಿದವನ ಎಡಭಾಗವನ್ನೂ, ಅವನ ಎಡಕ್ಕೆ ನಿಂತವನ ಬಲಭಾಗವನ್ನೂ ಕಾಯುತ್ತಿತ್ತು. ಆದ್ದರಿಂದ ಪ್ರತಿಯೊಬ್ಬನೂ ಬಲಗಡೆಯವನ ಗುರಾಣಿಯ ಆಸರೆಗೆ ಸರಿಯಲು ಹೋಗಿ, ಇಡೀ ಸಾಲೇ ಬಲಕ್ಕೆ ವಾಲುತ್ತಿತ್ತೆಂದು ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಸ್ವತಃ ಸೇನಾಪತಿಯಾಗಿದ್ದವನ ಕಣ್ಣಿಗೆ ಮಾತ್ರ ಬೀಳಬಹುದಾದ ವಿವರ ಇದು! ಗುರಾಣಿ ಕೊಳ್ಳಲಾಗದ ಬಡವರು ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದರು. ಒಂದೊಂದು ನೌಕೆಗೆ 170 ಜನ ಬೇಕು. ಕ್ರಿ.ಪೂ. 480ರಲ್ಲಿ ಸಾಲಮಿಸ್ ಬಳಿ ಪರ್ಷಿಯದ ನೌಕಾಬಲವನ್ನು ಮುರಿದುದರಲ್ಲಿ ಇಂಥವರ ತೋಳ್ಬಲದ ಪಾಲು ದೊಡ್ಡದು. ಮುಂದೆ ಸಭೆಯಲ್ಲಿ ಅವರ ಮಾತಿಗೆ ತೂಕ ಬಂದುದು ಸಹಜವೇ. ಹೆಂಗಸರಿಗೂ ಗುಲಾಮರಿಗೂ ಮಾತ್ರ ಅಲ್ಲಿ ಸ್ಥಾನವಿರಲಿಲ್ಲ.

ನಾಟಕಕಾರರೂ ಇದೇ ಸಾಲಿನಿಂದ ಬಂದವರು. ಸಾಫೋಕ್ಲಿಸ್ ಒಮ್ಮೆ ಸೇನಾಪತಿಯಾಗಿ ಆಯ್ಕೆಯಾಗಿದ್ದ. ಏಸ್ಕಿಲಸ್ ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಕದನದಲ್ಲಿ ಹೋರಾಡಿದವನು. ಅವನ ಸಮಾಧಿಯದೆಂದು ಹೇಳಲಾಗುವ ಶಾಸನದಲ್ಲಿ ಆ ಕದನದ ಮಾತಿದೆ, ನಾಟಕಗಳ ಸುದ್ದಿಯೇ ಇಲ್ಲ. ಸಾಲಮಿಸ್ ಗೆಲುವಿನ ಎಂಟು ವರ್ಷಗಳ ನಂತರ, ಕ್ರಿ.ಪೂ. 472ರಲ್ಲಿ, ಏಸ್ಕಿಲಸ್ ಅದೇ ಯುದ್ಧದ ಕುರಿತು ನಾಟಕ ಆಡಿಸಿದ. ಆದರೆ ಕಥೆ ನಡೆಯುವುದು ಶತ್ರುವಿನ ಅರಮನೆಯಲ್ಲಿ. ರಂಗದ ಮೇಲೆ ಗೋಳಾಡುವವರು ಸೋತ ಪರ್ಷಿಯನ್ನರು. ತಮ್ಮ ನಗರವನ್ನು ಸುಟ್ಟವರ ದುಃಖವನ್ನು ಅಥೆನ್ಸಿನವರು ಕುಳಿತು ಕೇಳಿದರು, ಬಹುಮಾನವನ್ನೂ ಕೊಟ್ಟರು. ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದಿದ್ದಾರೆ; ವಿದ್ಯಾರ್ಥಿಗಳು ಹುಡುಕಿ ಓದಬೇಕು.

ಹಾಗೆಂದು ಅಥೆನ್ಸಿನವರನ್ನು ಕರುಣಾಳುಗಳೆಂದು ಭಾವಿಸಬೇಕಾಗಿಲ್ಲ. ಸ್ಪಾರ್ಟದೊಡನೆ ನಡೆದ ದೀರ್ಘ ಕಲಹದ ಕಾಲದಲ್ಲಿ, ಕ್ರಿ.ಪೂ. 416ರಲ್ಲಿ, ಮೆಲೋಸ್ ಎಂಬ ಪುಟ್ಟ ದ್ವೀಪ ತಾನು ತಟಸ್ಥವಾಗಿರುವೆನೆಂದಿತು. ಅಥೆನ್ಸ್ ಅದನ್ನು ಮುತ್ತಿತು. ಮೆಲೋಸ್ ಶರಣಾದ ಮೇಲೆ ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತು. ಕೆಲವೇ ತಿಂಗಳ ಬಳಿಕ, ಕ್ರಿ.ಪೂ. 415ರ ವಸಂತದಲ್ಲಿ, ಯೂರಿಪಿಡೀಸನ 'ಟ್ರಾಯ್‌ನ ಹೆಂಗಸರು' ರಂಗಕ್ಕೆ ಬಂತು. ಗೆದ್ದ ಗ್ರೀಕರು ವಿಧವೆಯರನ್ನು ಹಂಚಿಕೊಳ್ಳುತ್ತಾರೆ. ಹೆಕ್ಟರನ ಹಸುಳೆಯನ್ನು ಕೋಟೆಯಿಂದ ಕೆಳಕ್ಕೆ ಎಸೆಯುತ್ತಾರೆ. ಕವಿ ಮೆಲೋಸನ್ನು ಮನಸ್ಸಿನಲ್ಲಿಟ್ಟೇ ಬರೆದನೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನೋಡುತ್ತ ಕುಳಿತವರಿಗೆ ಅದು ನೆನಪಾಗದೆ ಇದ್ದೀತೇ? ಉತ್ಸವದಲ್ಲಿ ನಾಟಕಗಳಿಗೆ ಮುನ್ನ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ನಗರದ ಖರ್ಚಿನಲ್ಲಿ ಬೆಳೆದ ತರುಣರನ್ನು ಕವಚ ತೊಡಿಸಿ ಅದೇ ರಂಗದಲ್ಲಿ ಮೆರೆಸುವ ಪದ್ಧತಿಯೂ ಇತ್ತು.

ನಾಟಕಕ್ಕೆ ಎರಡನೆಯ ಬಹುಮಾನ ಬಂತು. ಯುದ್ಧವೇನೂ ನಿಲ್ಲಲಿಲ್ಲ. ಅದೇ ಬೇಸಿಗೆಯಲ್ಲಿ ದೊಡ್ಡದೊಂದು ನೌಕಾಪಡೆ ಸಿಸಿಲಿಗೆ ಹೊರಟಿತು. ಕ್ರಿ.ಪೂ. 413ರಲ್ಲಿ ಅದು ಪೂರ್ತಿ ನಾಶವಾಯಿತು. ಸೆರೆಸಿಕ್ಕ 7,000ಕ್ಕೂ ಕಡಿಮೆಯಿಲ್ಲದ ಜನರನ್ನು ಸಿರಾಕ್ಯೂಸ್ ನಗರದವರು ಕಲ್ಲುಗಣಿಗಳಿಗೆ ದೂಡಿದರು. ಸುಮಾರು ಐನೂರು ವರ್ಷಗಳ ಅನಂತರ ಬರೆದ ಪ್ಲುಟಾರ್ಕ್ ಈ ಪ್ರಸಂಗಕ್ಕೆ ಒಂದು ಮಾತು ಸೇರಿಸುತ್ತಾನೆ. ಸಿಸಿಲಿಯವರಿಗೆ ಯೂರಿಪಿಡೀಸನ ಪದ್ಯಗಳೆಂದರೆ ಪ್ರಾಣವಂತೆ. ನೆನಪಿದ್ದಷ್ಟು ಸಾಲುಗಳನ್ನು ಹೇಳಿಕೊಟ್ಟು ಕೆಲವರು ಗುಲಾಮಗಿರಿಯಿಂದ ಬಿಡುಗಡೆ ಪಡೆದರು; ಸೋತು ದಿಕ್ಕೆಟ್ಟು ಅಲೆಯುತ್ತಿದ್ದವರು ಆ ಹಾಡುಗಳನ್ನು ಹಾಡಿ ಅನ್ನ, ನೀರು ಸಂಪಾದಿಸಿದರು. ಹೀಗೆ ಊರು ಸೇರಿದ ಹಲವರು ಕವಿಯನ್ನು ಕಂಡು ಕೃತಜ್ಞತೆ ಹೇಳಿದರಂತೆ.