ಕಡಲು ತಾಳಬಲ್ಲ ಕಸವೆಷ್ಟು?

ಕಡಲಿಗೆ ನಮ್ಮ ನಿಘಂಟುಗಳಲ್ಲಿ ಹೆಸರುಗಳ ಬರವಿಲ್ಲ. ರತ್ನಗಳಿಗೆ ಗಣಿಯಾದುದರಿಂದ ಅದು ರತ್ನಾಕರ. ಮೊಸಳೆ ಮೀನುಗಳಿಗೆ ಮನೆಯಾದುದರಿಂದ ಮಕರಾಲಯ. ನೀರಿಗೆ ನೆಲೆಯಾದುದರಿಂದ ಅಂಬುಧಿ. ಕಸದ ತೊಟ್ಟಿ ಎಂಬ ಅರ್ಥದ ಹೆಸರನ್ನು ಮಾತ್ರ ಯಾವ ಕೋಶಕಾರನೂ ಕೊಟ್ಟಂತಿಲ್ಲ. ಆದರೆ ಹೆಸರಿಡದೆಯೇ ಆ ಕೆಲಸಕ್ಕೆ ಕಡಲನ್ನು ಬಳಸಿಕೊಂಡ ಊರುಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟು. ಅಷ್ಟು ದೊಡ್ಡ ನೀರಿಗೆ ಇಷ್ಟು ಚಿಕ್ಕ ಕಸ ಯಾವ ಲೆಕ್ಕ ಎಂಬುದು ಎಲ್ಲರ ಸಮಾಧಾನ. ಈ ಉಡಾಫೆಯ ಮಾತನ್ನೇ ಒಂದು ಸರಕಾರ ಪ್ರಶ್ನೆಯಾಗಿ ತೆಗೆದುಕೊಂಡು, ನಿಜವಾಗಿಯೂ ಲೆಕ್ಕ ಹಾಕಲು ಕುಳಿತು, ಕೊನೆಗೆ 'ಸೊನ್ನೆ' ಎಂಬ ಉತ್ತರಕ್ಕೆ ಬಂದು ನಿಂತ ಸಂಗತಿಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳುವವರಿಗೆ ಅಮೆರಿಕದ ಕಾನೂನಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಪದ್ಯದಲ್ಲಿ ಒಂದು ಪದ ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂದು ನೋಡುವುದು ನನ್ನ ವೃತ್ತಿ. ಕಾನೂನಿನಲ್ಲಿಯೂ ಒಂದೊಂದು ಪದದ ಮೇಲೆ ಊರೂರುಗಳ ಭಾರ ಕುಳಿತಿರುತ್ತದೆ. ನಾನು ಹೇಳಹೊರಟಿರುವುದಂತೂ ಮೊದಲಿನಿಂದ ಕೊನೆಯವರೆಗೆ ಕೆಲವೇ ಪದಗಳ ಇತಿಹಾಸ.

ಮೊದಲ ಪದ ೧೮೯೯ನೆಯ ಇಸವಿಯದು. ಆ ವರ್ಷ ಅಮೆರಿಕದ ಕಾಂಗ್ರೆಸ್ಸು ನದಿ ಮತ್ತು ಬಂದರುಗಳ ಶಾಸನವೊಂದನ್ನು ಮಾಡಿತು. ಹಡಗು ಸಂಚರಿಸುವ ನೀರಿಗೆ ಯಾವ ಬಗೆಯ ಕಸವನ್ನೂ ಹಾಕಕೂಡದೆಂದು ಅದರ ೧೩ನೆಯ ಕಲಮು ವಿಧಿಸಿತು. ಇದು ಕಡಲಿನ ಮೇಲಣ ಕರುಣೆಯಿಂದ ಹುಟ್ಟಿದ ಮಾತಲ್ಲ. ಹಡಗಿನ ದಾರಿಗೆ ಅಡ್ಡಿಯಾಗಬಾರದೆಂಬ ವ್ಯಾಪಾರದ ಚಿಂತೆ. ಇರಲಿ, 'ಯಾವ ಬಗೆಯ ಕಸವನ್ನೂ' ಎಂಬುದು ದೊಡ್ಡ ಮಾತೇ. ಆದರೆ ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಸೇರಿಕೊಂಡಿತು. ಬೀದಿಗಳಿಂದಲೂ ಚರಂಡಿಗಳಿಂದಲೂ ದ್ರವರೂಪದಲ್ಲಿ ಹರಿದು ಬರುವುದಕ್ಕೆ ಈ ನಿಷೇಧವಿಲ್ಲ. ದಡದಲ್ಲಿ ನಿಂತು ಎಸೆಯುವ ಕೈ ಕಾನೂನಿಗೆ ಕಂಡಿತು. ಬೀದಿಯಿಂದ ಹರಿದು ಬರುವ ಊರು ಕಾಣಲಿಲ್ಲ. ಮುಂದಿನ ನೂರು ವರ್ಷಗಳ ತೊಡಕೆಲ್ಲ ಈ ವಿನಾಯಿತಿಯಲ್ಲಿ ಬೀಜರೂಪವಾಗಿ ಅಡಗಿತ್ತು.

ಊರಿಗೆ ಊರೇ ಎಸೆದ ಪ್ರಸಂಗವೂ ಒಂದುಂಟು. ನ್ಯೂಯಾರ್ಕ್ ನಗರ ತನ್ನ ಕಸವನ್ನು ದೋಣಿಗಳಲ್ಲಿ ತುಂಬಿಸಿ ನಡುನೀರಿಗೆ ಒಯ್ದು ಸುರಿಯುತ್ತಿತ್ತು. ಅಲೆಗಳು ಅದನ್ನು ನೆರೆಯ ನ್ಯೂಜೆರ್ಸಿಯ ದಡಕ್ಕೆ ತಂದು ಹಾಕುತ್ತಿದ್ದುವು. ನ್ಯೂಜೆರ್ಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಕಸ ಸುರಿಯುವ ಜಾಗ ದೇಶದ ಎಲ್ಲೆಯಿಂದ ಆಚೆಗಿದೆ, ಆದುದರಿಂದ ಕೋರ್ಟಿಗೆ ಅಧಿಕಾರವಿಲ್ಲ ಎಂಬ ವಾದ ನಿಲ್ಲಲಿಲ್ಲ. ಎಸೆದದ್ದು ಎಲ್ಲಾದರೇನು, ಬಂದು ಬಿದ್ದದ್ದು ನೆರೆಯವನ ಅಂಗಳದಲ್ಲಿ. ೧೯೩೧ರಲ್ಲಿ ನಗರದ ವಿರುದ್ಧ ತೀರ್ಪಾಯಿತು. ಬೇರೆ ಏರ್ಪಾಟು ಮಾಡಿಕೊಳ್ಳಲು ವಾಯಿದೆ ಕೊಟ್ಟು, ಆ ವಾಯಿದೆಯನ್ನು ಇನ್ನೊಮ್ಮೆ ಮುಂದಕ್ಕೆ ಹಾಕಿ, ೧೯೩೪ನ್ನು ಕೊನೆಯ ಗಡುವಾಗಿ ಗೊತ್ತುಮಾಡಲಾಯಿತು.

ಆ ಕಾಲದ ಕಸ ಬಹುಮಟ್ಟಿಗೆ ಕೊಳೆಯುವ ಕಸ. ಎರಡನೆಯ ಮಹಾಯುದ್ಧದ ತರುವಾಯ ಕಸದ ಜಾತಿಯೇ ಬದಲಾಯಿತು. ಪ್ಲಾಸ್ಟಿಕ್ಕು ಹಗುರ, ಅಗ್ಗ, ಬಾಳಿಕೆಯುಳ್ಳದ್ದು. ಅಂಗಡಿಯಲ್ಲಿ ಈ ಮೂರೂ ಗುಣ, ನೀರಿಗೆ ಬಿದ್ದ ಮೇಲೆ ಮೂರೂ ದೋಷ. ಎಡ್ವರ್ಡ್ ಕಾರ್ಪೆಂಟರ್ ಮತ್ತು ಕೆನೆತ್ ಸ್ಮಿತ್ ಎಂಬ ವಿಜ್ಞಾನಿಗಳು ಅಟ್ಲಾಂಟಿಕ್ಕಿನ ನಡುವಣ ಸಾರ್ಗಾಸೋ ಸಮುದ್ರದಲ್ಲಿ ನುಣ್ಣನೆಯ ಬಲೆ ಎಳೆದಾಗ, ಪಾಚಿಯ ಜೊತೆಗೆ ಪ್ಲಾಸ್ಟಿಕ್ಕಿನ ಚೂರುಗಳೂ ಬಂದುವು. ಯಾವ ಊರೂ ಹತ್ತಿರವಿಲ್ಲದ ನೀರು ಅದು. ಈ ಸಂಗತಿಯನ್ನು ಅವರು ೧೯೭೨ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಅದೇ ೧೯೭೨ರ ಅಕ್ಟೋಬರಿನಲ್ಲಿ ಅಮೆರಿಕದ ಶುದ್ಧಜಲ ಕಾನೂನು ಹುಟ್ಟಿತು. ಮೂರು ವರ್ಷದ ಹಿಂದೆ, ೧೯೬೯ರಲ್ಲಿ, ಕ್ಲೀವ್‌ಲೆಂಡಿನ ಕಯಹೋಗ ನದಿಗೆ ಬೆಂಕಿ ಹತ್ತಿಕೊಂಡಿತ್ತು. ನೀರಿಗೆ ಬೆಂಕಿ ಬಿದ್ದ ದೇಶದಲ್ಲಿ ಜನ ಸುಮ್ಮನಿರುವುದು ಹೇಗೆ? ವೆಚ್ಚ ವಿಪರೀತವಾಗುತ್ತದೆಂದು ಅಧ್ಯಕ್ಷ ನಿಕ್ಸನ್ ತಡೆಯೊಡ್ಡಿದರೂ ಕಾಂಗ್ರೆಸ್ಸು ಅದನ್ನು ತಳ್ಳಿಹಾಕಿ ಶಾಸನವನ್ನು ಗೆಲ್ಲಿಸಿತು. ಮಲಿನವಸ್ತುಗಳ ಪಟ್ಟಿಯಲ್ಲಿ ಕಸವೂ ಸೇರಿತ್ತು. ೧೯೮೫ರ ಹೊತ್ತಿಗೆ ನೀರಿಗೆ ಮಾಲಿನ್ಯ ಬಿಡುವುದೇ ನಿಲ್ಲಬೇಕೆಂಬ ಗುರಿಯನ್ನೂ ಅದು ಸಾರಿತು. ಗುರಿ ತಪ್ಪಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಕಾನೂನಿನ ಒಂದು ಮೂಲೆಯಲ್ಲಿ ನಮ್ಮ ಕಥೆಯ ಮುಖ್ಯ ಪದ ಕುಳಿತಿದೆ. ನೀರು ಕೆಟ್ಟಿರುವ ಕಡೆಗಳ ಪಟ್ಟಿಯನ್ನು ಪ್ರತಿಯೊಂದು ಸಂಸ್ಥಾನವೂ ಮಾಡಬೇಕು. ಪಟ್ಟಿಯಲ್ಲಿರುವ ಒಂದೊಂದು ನೀರೂ ದಿನಕ್ಕೆ ಎಷ್ಟು ಮಾಲಿನ್ಯವನ್ನು ತಾಳಬಲ್ಲದೆಂದು ಲೆಕ್ಕ ಹಾಕಬೇಕು. ಆ ಹೊರೆಯನ್ನು ಮಾಲಿನ್ಯ ಬಿಡುವವರಿಗೆಲ್ಲ ಪಾಲು ಹಾಕಿ ಕೊಡಬೇಕು. 'ಗರಿಷ್ಠ ದೈನಿಕ ಹೊರೆ' ಎಂದು ಇದನ್ನು ಕನ್ನಡಿಸಬಹುದು. ಕರಗುವ ವಿಷಗಳ ವಿಷಯದಲ್ಲಿ ಇದು ಸರಿಯಾದ ವಿಚಾರವೇ. ಕೊಡದ ನೀರಿಗೆ ಚಿಟಿಕೆ ಉಪ್ಪು ಬಿದ್ದರೆ ನಾಲಗೆಗೆ ತಿಳಿಯುವುದಿಲ್ಲ, ಹಿಡಿ ಬಿದ್ದರೆ ತಿಳಿಯುತ್ತದೆ. ನಡುವೆ ಎಲ್ಲಿಯೋ ಒಂದು ಗೆರೆಯುಂಟು. ಆದರೆ ಪ್ಲಾಸ್ಟಿಕ್ ಚೀಲ ಉಪ್ಪಲ್ಲ. ಅದು ಕರಗುವುದಿಲ್ಲ, ತೇಲುತ್ತದೆ. ಸವೆದರೆ ಚೂರಾಗುತ್ತದೆ, ಇಲ್ಲವಾಗುವುದಿಲ್ಲ. ಅದಕ್ಕೆ ಗೆರೆಯನ್ನು ಎಲ್ಲಿ ಎಳೆಯುವುದು?

ಈ ಪ್ರಶ್ನೆ ಎದ್ದುದು ಲಾಸ್ ಏಂಜಲಿಸ್ ನಗರದಲ್ಲಿ. ಆ ಊರಿನ ನದಿಯನ್ನು ನದಿಯೆನ್ನಲು ಬಾಯಿ ಬರುವುದಿಲ್ಲ. ೧೯೩೮ರ ಮಹಾಪೂರದ ನಂತರ ಸುಮಾರು ೮೨ ಕಿಲೋಮೀಟರ್ ಉದ್ದದ ಆ ಪಾತ್ರದ ಬಹುಭಾಗಕ್ಕೆ ಕಾಂಕ್ರೀಟು ಹಾಸಿದರು. ಬೆಂಗಳೂರಿನವರು ಒಂದು ದೊಡ್ಡ ರಾಜಕಾಲುವೆಯನ್ನು ನೆನೆದುಕೊಂಡರೆ ಸಾಕು. ಅಲ್ಲಿ ಮನೆಯ ಕೊಳೆನೀರಿಗೆ ಒಂದು ಕೊಳವೆ, ಬೀದಿಯ ಮಳೆನೀರಿಗೆ ಬೇರೊಂದು. ಮೊದಲನೆಯದು ಶುದ್ಧೀಕರಣಕ್ಕೆ ಹೋಗುತ್ತದೆ. ಎರಡನೆಯದು ನೇರವಾಗಿ ನದಿಗೆ, ಅಲ್ಲಿಂದ ಲಾಂಗ್ ಬೀಚಿನಲ್ಲಿ ಪೆಸಿಫಿಕ್ ಸಾಗರಕ್ಕೆ. ಆ ಸೀಮೆಯಲ್ಲಿ ಮಳೆ ಚಳಿಗಾಲದ್ದು. ತಿಂಗಳುಗಟ್ಟಲೆ ಬೀದಿಯಲ್ಲಿ ಬಿದ್ದಿದ್ದ ಲೋಟ, ಚೀಲ, ಸೀಸೆಗಳನ್ನೆಲ್ಲ ಮೊದಲ ಮಳೆ ಒಮ್ಮೆಗೇ ಗುಡಿಸಿಕೊಂಡು ಕಡಲಿಗೆ ಒಯ್ಯುತ್ತದೆ. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆ ಕಸಕ್ಕೂ ಸಲ್ಲುತ್ತದೆ.

ಶುದ್ಧಜಲ ಕಾನೂನಿನ 'ಹೊರೆ'ಯ ಕಲಮು ಬಹುಕಾಲ ಪುಸ್ತಕದಲ್ಲಿಯೇ ಮಲಗಿತ್ತು. ಪರಿಸರ ಸಂಘಗಳು ಕೇಂದ್ರದ ಪರಿಸರ ರಕ್ಷಣಾ ಇಲಾಖೆಯ ಮೇಲೆ ದಾವೆ ಹೂಡಿ, ೧೯೯೯ರಲ್ಲಿ ಕರಾರಾಗಿ, ಲಾಸ್ ಏಂಜಲಿಸ್ ಸೀಮೆಯ ಕೆಟ್ಟ ನೀರುಗಳ ಲೆಕ್ಕವನ್ನು ಗೊತ್ತಾದ ವಾಯಿದೆಯೊಳಗೆ ಮುಗಿಸಬೇಕಾಗಿ ಬಂತು. ೨೦೦೧ರಲ್ಲಿ ಅಲ್ಲಿನ ಪ್ರಾದೇಶಿಕ ಜಲಮಂಡಳಿ ಆ ನದಿಯ ಕಸದ ಲೆಕ್ಕ ಮಾಡಿತು. ಇಷ್ಟು ಕಸವಿದ್ದರೆ ಹಾನಿಯಿಲ್ಲ ಎಂದು ತೋರಿಸುವ ಆಧಾರ ಯಾವುದೂ ಸಿಗಲಿಲ್ಲ. ಆದುದರಿಂದ ಹೊರೆಯ ಜಾಗದಲ್ಲಿ ಬರೆದ ಅಂಕಿ ಸೊನ್ನೆ. ವರ್ಷಕ್ಕೆ ಹತ್ತರಲ್ಲೊಂದು ಪಾಲಿನಂತೆ ತಗ್ಗಿಸುತ್ತ ಹೋಗಿ, ಊರುಗಳೆಲ್ಲ ಸೊನ್ನೆಯನ್ನು ಮುಟ್ಟಬೇಕೆಂದಾಯಿತು.

ಸೊನ್ನೆ ಎಂದೊಡನೆ ಗದ್ದಲವೆದ್ದಿತು. ೨೨ ನಗರಗಳು ನ್ಯಾಯಾಲಯಕ್ಕೆ ಹೋದುವು. ಅವುಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ದಾರಿಹೋಕ ಎಸೆದ ಲೋಟಕ್ಕೆ ಪುರಸಭೆ ಹೊಣೆಯೆ? ಸಣ್ಣ ಊರು ಇಷ್ಟು ಹಣವನ್ನು ಎಲ್ಲಿಂದ ತರುವುದು? ಒಂದು ಕಾಗದದ ಚೂರೂ ನೀರಿಗೆ ಬೀಳದ ಊರು ಭೂಮಿಯ ಮೇಲೆ ಉಂಟೆ? ಎಲ್ಲಕ್ಕಿಂತ ಮಿಗಿಲಾಗಿ, ನೀರು ಎಷ್ಟನ್ನು ತಾಳಬಲ್ಲದೆಂದು ಪರೀಕ್ಷೆ ಮಾಡದೆ ಸೊನ್ನೆ ಎಂದು ಬರೆಯುವುದು ಯಾವ ನ್ಯಾಯ? ಕೆಳಗಿನ ಕೋರ್ಟು ಈ ಕೊನೆಯ ವಾದಕ್ಕೆ ತಲೆದೂಗಿತು.

೨೦೦೬ರಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಎರಡು ಮುಖದ್ದು. ಕಸದ ವಿಷಯದಲ್ಲಿ ತಾಳಿಕೆಯ ಪರೀಕ್ಷೆ ಬೇಕಾಗಿಲ್ಲ, ಸೊನ್ನೆ ಎನ್ನಲು ಮಂಡಳಿಗೆ ಅಧಿಕಾರವುಂಟು ಎಂದಿತು. ಆದರೆ ಕಸ ತಡೆಯುವ ಸಲಕರಣೆಗಳನ್ನು ಊರ ತುಂಬ ಕೂರಿಸುವುದರಿಂದ ಪರಿಸರಕ್ಕೆ ಏನಾಗುತ್ತದೆಂದು ಮಂಡಳಿ ತಕ್ಕಷ್ಟು ಪರಿಶೀಲಿಸಿಲ್ಲವೆಂದು ಇಡೀ ನಿಯಮವನ್ನೇ ರದ್ದುಮಾಡಿತು. ಪರಿಸರದ ನಿಯಮ ಪರಿಸರದ ಕಾನೂನಿಗೇ ಎಡವಿ ಬಿದ್ದಂತಾಯಿತು. ಮಂಡಳಿ ಎದೆಗುಂದಲಿಲ್ಲ. ಪರಿಶೀಲನೆಯನ್ನು ಮುಗಿಸಿ ೨೦೦೭ರಲ್ಲಿ ಮತ್ತೆ ಅದೇ ಸೊನ್ನೆಯನ್ನು ಬರೆಯಿತು. ೨೦೦೮ರಲ್ಲಿ ಅದು ಊರ್ಜಿತವಾಯಿತು.

ಅಸಾಧ್ಯವೆಂದ ಸೊನ್ನೆಯನ್ನು ಸಾಧಿಸುವ ಬಗೆ ತೀರ ಸರಳ. ಮೋರಿಯ ಬಾಯಿಗೆ ಜಾಲರಿ. ವರ್ಷಕ್ಕೊಮ್ಮೆಯಾದರೂ ಬರುವಂಥ ಒಂದು ಗಂಟೆಯ ಜಡಿಮಳೆಯಲ್ಲಿ ೫ ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಸವನ್ನೆಲ್ಲ ಹಿಡಿಯುವಂಥ ಸಲಕರಣೆಯನ್ನು ಎಲ್ಲ ಕಡೆಯೂ ಕೂರಿಸಿ, ಸರಿಯಾಗಿ ಗುಡಿಸಿಕೊಂಡು ಬಂದ ಊರು ಸೊನ್ನೆಯನ್ನು ಮುಟ್ಟಿತೆಂದೇ ಲೆಕ್ಕ. ಎಸೆದವನನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಜಾಲರಿಗಳನ್ನು ಎಣಿಸಿದರೆ ಸಾಕು. ಲಾಸ್ ಏಂಜಲಿಸ್ ನಗರದ ಮತದಾರರು ೨೦೦೪ರಲ್ಲಿಯೇ ನೀರಿನ ಶುದ್ಧಿಗಾಗಿ ೫೦ ಕೋಟಿ ಡಾಲರಿನ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟಿದ್ದರು. ೨೦೧೫ರಲ್ಲಿ ಇಡೀ ಕ್ಯಾಲಿಫೋರ್ನಿಯ ಸಂಸ್ಥಾನವೇ ಕಸದ ನಿಯಮವನ್ನು ಒಪ್ಪಿಕೊಂಡು, ೨೦೩೦ರ ಕೊನೆಯನ್ನು ಗಡುವಾಗಿ ಇಟ್ಟುಕೊಂಡಿತು.

ಇಲ್ಲಿಗೆ ಶುಭಂ ಎಂದು ಮುಗಿಸಲು ಬರುವಂತಿಲ್ಲ. ಜಾಲರಿಗೆ ತೂತುಗಳಿರುತ್ತವೆ. ಯಾವ ೫ ಮಿಲಿಮೀಟರಿಗೆ ಕಾನೂನಿನ ಕಣ್ಣು ನಿಲ್ಲುತ್ತದೆಯೋ, ಅದಕ್ಕಿಂತ ಚಿಕ್ಕದನ್ನೇ ವಿಜ್ಞಾನಿಗಳು 'ಮೈಕ್ರೋಪ್ಲಾಸ್ಟಿಕ್' ಎನ್ನುತ್ತಾರೆ. ಚೀಲ ಬೀದಿಯಲ್ಲಿಯೇ ಬಿಸಿಲಿಗೆ ಪುಡಿಯಾಗಿದ್ದರೆ ಆ ಪುಡಿ ಜಾಲರಿಯನ್ನು ದಾಟಿ ಹೋಗುತ್ತದೆ. ಲೆಕ್ಕದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಪ್ಲಾಸ್ಟಿಕ್ ಸಾಮಾನು ತಯಾರಿಸುವ ಕಚ್ಚಾ ಕಾಳುಗಳಿಗಾಗಿ ಕ್ಯಾಲಿಫೋರ್ನಿಯ ೨೦೦೭ರಲ್ಲಿ ಬೇರೆಯೇ ಕಾನೂನು ಮಾಡಿ, ಕಾರ್ಖಾನೆಗಳ ಜಾಲರಿಯ ಕಣ್ಣನ್ನು ೧ ಮಿಲಿಮೀಟರಿಗೆ ಇಳಿಸಬೇಕಾಯಿತು.

ಇನ್ನೊಂದು ತೂತು ಭೂಪಟದಲ್ಲಿದೆ. ಹವಾಯಿ ದ್ವೀಪದ ಆಗ್ನೇಯ ಅಂಚಿನಲ್ಲಿ ಕಮಿಲೋ ಎಂಬ ಕಡಲತೀರ. ಸಾಗರದ ಪ್ರವಾಹಗಳು ತೇಲುವುದನ್ನೆಲ್ಲ ಅಲ್ಲಿಗೆ ತಂದು ಹಾಕುತ್ತವೆ. ಹಿಂದೆ ದೂರದಿಂದ ತೇಲಿ ಬರುವ ಮರದ ದಿಮ್ಮಿಗಳಿಗಾಗಿ ಜನ ಅಲ್ಲಿಗೆ ಹೋಗುತ್ತಿದ್ದರೆಂದು ಹೇಳುತ್ತಾರೆ. ಈಗ ಬರುವುದು ಪ್ಲಾಸ್ಟಿಕ್ಕು. ದಡದಲ್ಲಿ ಹಾಕಿದ ಬೆಂಕಿಗೆ ಅದು ಕರಗಿ, ಮರಳು ಕಲ್ಲುಗಳೊಡನೆ ಬೆಸೆದು, ಬಂಡೆಯಂತೆ ಗಟ್ಟಿಯಾದುದನ್ನು ವಿಜ್ಞಾನಿಗಳು ೨೦೧೪ರಲ್ಲಿ ವರ್ಣಿಸಿ 'ಪ್ಲಾಸ್ಟಿಗ್ಲಾಮರೇಟ್' ಎಂಬ ಹೊಸ ಹೆಸರನ್ನೇ ಕೊಟ್ಟರು. ಪರಿಸರ ಸಂಘಗಳು ದಾವೆ ಹೂಡಿದ ಮೇಲೆ, ೨೦೨೦ರಲ್ಲಿ, ಕಮಿಲೋ ಮತ್ತು ದೂರದ ಟರ್ನ್ ದ್ವೀಪದ ನೀರುಗಳು ಕೆಟ್ಟ ನೀರುಗಳ ಪಟ್ಟಿಗೆ ಸೇರಿದುವು. ಸರಿ, ಇನ್ನು ಹೊರೆಯನ್ನು ಪಾಲು ಹಾಕುವುದು ಯಾರಿಗೆ? ಲಾಸ್ ಏಂಜಲಿಸಿನಲ್ಲಿ ಮೋರಿ ಇತ್ತು, ಮೋರಿಗೆ ಒಂದು ಊರಿತ್ತು. ಕಮಿಲೋಗೆ ಕಸ ಬರುವ ಮೋರಿ ಪೆಸಿಫಿಕ್ ಸಾಗರವೇ.

ಸಾಗರಕ್ಕೆ ಒಡೆಯರಿಲ್ಲವಾದುದರಿಂದ ದೇಶಗಳೆಲ್ಲ ಸೇರಿ ಕೂರಲೇಬೇಕು. ಹಡಗುಗಳಿಂದ ಪ್ಲಾಸ್ಟಿಕ್ ಎಸೆಯುವುದನ್ನು ಅವು ೧೯೮೮ರ ಕೊನೆಯ ದಿನದಿಂದ ನಿಷೇಧಿಸಿದುವು. ನೆಲದ ಕಸವನ್ನೂ ಒಳಗೊಳ್ಳುವ ಒಪ್ಪಂದವೊಂದು ಬೇಕೆಂದು ೨೦೨೨ರಲ್ಲಿ ನೈರೋಬಿಯಲ್ಲಿ ನಿರ್ಣಯಿಸಿದುವು. ೨೦೨೪ರಲ್ಲಿ ಬುಸಾನಿನಲ್ಲಿಯೂ ೨೦೨೫ರ ಆಗಸ್ಟಿನಲ್ಲಿ ಜಿನೀವಾದಲ್ಲಿಯೂ ಕೂಡಿ ಮಾತನಾಡಿ, ಒಮ್ಮತವಿಲ್ಲದೆ ಎದ್ದುವು. ಪ್ಲಾಸ್ಟಿಕ್ಕಿನ ತಯಾರಿಕೆಗೇ ಮಿತಿ ಬೇಕೆ, ಕಸದ ನಿರ್ವಹಣೆ ಸಾಕೆ ಎಂಬುದು ಅಲ್ಲಿನ ದೊಡ್ಡ ಜಗಳ. ಎಷ್ಟು ಎಂಬ ಹಳೆಯ ಪ್ರಶ್ನೆಯೇ ವೇಷ ಬದಲಿಸಿ ಬಂದಿದೆ.

ನಮ್ಮ ದೇಶವೂ ೧೯೭೪ರಲ್ಲಿ ಜಲಮಾಲಿನ್ಯದ ಅಧಿನಿಯಮವನ್ನು ಮಾಡಿತು. ಅದು ಮೊದಲಿಗೇ ಅನ್ವಯವಾದ ೧೨ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಾಲಿನ್ಯವೆಂದರೆ ದ್ರವ ಮಾತ್ರವಲ್ಲ, ಘನವಸ್ತುವೂ ಹೌದೆಂದು ಅದರಲ್ಲಿದೆ. ರಾಜ್ಯ ಸರಕಾರ ಗೊತ್ತುಮಾಡಿದಷ್ಟು ದೂರದವರೆಗೆ ಕಡಲೂ ಅದರ ವ್ಯಾಪ್ತಿಗೆ ಬರುತ್ತದೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ನಾವು ಹಿಡಿದುದು ಬೇರೆ ದಾರಿ. ೨೦೧೬ರ ಮಾರ್ಚಿನಲ್ಲಿ ಕರ್ನಾಟಕ ಚೀಲ, ತಟ್ಟೆ, ಲೋಟ ಮುಂತಾದ ಪದಾರ್ಥಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಸಾಮಾನುಗಳಿಗೆ ದೇಶವ್ಯಾಪಿ ನಿಷೇಧ ಬಂತು. ನಾವು ಅಂಗಡಿಯ ಕಟ್ಟೆಯಲ್ಲಿ ಕಾವಲು ಹಾಕಿದೆವು. ಅವರು ಮೋರಿಯ ಬಾಯಲ್ಲಿ ಹಾಕಿದರು. ಅಂಗಡಿಯ ಕಾವಲು ತಪ್ಪಿ ಬಂದ ಚೀಲಕ್ಕೆ ಮೋರಿಯಲ್ಲಿ ಯಾರು ಹೊಣೆ ಎಂಬುದನ್ನು ಪದಾರ್ಥಗಳ ಪಟ್ಟಿ ಹೇಳುವುದಿಲ್ಲ. ಸೊನ್ನೆ ಎಂಬ ಅಂಕಿಯ ಗುಣವಿರುವುದು ಇಲ್ಲಿ. ಅದು ಕಸವನ್ನು ಇಲ್ಲವಾಗಿಸಲಿಲ್ಲ; ಆದರೆ ಇಷ್ಟಾದರೆ ಪರವಾಗಿಲ್ಲ ಎಂಬ ನೆಪವನ್ನು ಇಲ್ಲವಾಗಿಸಿತು, ಹೊಣೆಗೆ ಒಂದು ಊರಿನ ಹೆಸರು ಕೊಟ್ಟಿತು.

ಬೆಂಗಳೂರಿಗೆ ಕಡಲಿಲ್ಲ, ನಮಗೇಕೆ ಈ ಮಾತು ಎನ್ನುವವರು ಭೂಪಟವನ್ನೊಮ್ಮೆ ಬಿಡಿಸಿ ನೋಡಬೇಕು. ನಗರದ ಪಶ್ಚಿಮ ಭಾಗದ ಮೋರಿಗಳು ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ದಾರಿ ಉದ್ದ, ನಡುವೆ ಅಣೆಕಟ್ಟುಗಳುಂಟು, ಕಸದ ಎಷ್ಟೋ ಪಾಲು ಅಲ್ಲಲ್ಲಿಯೇ ನಿಲ್ಲುತ್ತದೆ. ಆದರೂ ದಾರಿ ದಾರಿಯೇ. ನಮ್ಮ ಮೋರಿಗಳ ಹೊರೆಯ ಕಾಲಂನಲ್ಲಿ ಯಾವ ಅಂಕಿಯನ್ನು ಬರೆಯಬೇಕು, ಅದರ ಎದುರಿಗೆ ಯಾವ ಊರಿನ ಹೆಸರನ್ನು ಬರೆಯಬೇಕು ಎಂದು ನಾವೂ ಕೇಳಿಕೊಳ್ಳುವ ಕಾಲ ಬಂದಿದೆ.